ಸರೋಜಕ್ಕನ ಪುಟ

ಹಳೆಯ ಕಾದಂಬರಿಯೊಂದರಿಂದ ಇವತ್ತು ಒಣಗಿದ ಬೀಡಿ ಎಲೆ ಜಾರಿ ಬಿತ್ತು. ಹೊಗೆಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ.

ಸುರತ್ಕಲ್‌ನ ನಮ್ಮ ಜಗಲಿಯಲ್ಲಿ ಅಮ್ಮನೂ ನೆರೆಮನೆಯ ಮೂವರು ಹೆಂಗಸರೂ ಕೂತು ಬೀಡಿ ಕಟ್ಟುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಈ ಪುಸ್ತಕವನ್ನು ಒಟ್ಟಿಗೆ ಓದುವ ಮಾತು ಬಂತು. ಆದರೆ ಯಾರ ಕೈಗೂ ಬಿಡುವಿರಲಿಲ್ಲ.

"ಒಬ್ಬೊಬ್ಬರು ಒಂದೊಂದು ಪುಟ ಜೋರಾಗಿ ಓದುವ. ಓದುವವಳಿಗೆ ಉಳಿದವರು ಒಂದು ಹಿಡಿ ಬೀಡಿ ಕಟ್ಟಿ ಕೊಡುವ," ಎಂದಳು ಅಮ್ಮ.

ನಾಲ್ಕನೆಯ ಪುಟ ನೆರೆಮನೆಯವರಲ್ಲೊಬ್ಬರಾದ ಸರೋಜಕ್ಕನ ಪಾಲಿಗೆ ಬಂತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

"ನನ್ನನ್ನು ಬಿಡು ಮಾರಾಯ್ತಿ, ನಾನು ಕಟ್ತಾ ಇರ್ತೇನೆ."

"ಕತ್ತರಿ ಕೆಳಗಿಡಿ. ಪುಟ ನಿಮ್ಮದೇ, ಮಗು ಓದ್ತಾಳೆ," ಎಂದು ಅಮ್ಮ ನನ್ನನ್ನು ಅವರ ಪಕ್ಕ ಕೂರಿಸಿದಳು.

ಸರೋಜಕ್ಕ ಕೈಯನ್ನು ಸೆರಗಿಗೆ ಒರೆಸಿ ಪುಸ್ತಕ ಹಿಡಿದರು. ನಾನು ಸಾಲಿನ ಮೇಲೆ ಬೆರಳಾಡಿಸುತ್ತ ಓದಿದೆ. ಅಂಗಳದಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಕಾಯುತ್ತಿದ್ದರು. ಕೊನೆಯ ನಾಲ್ಕು ಸಾಲು ನುಂಗಿ, "ಮುಗಿಯಿತು" ಎಂದೆ. ಅಮ್ಮನಿಗೂ ಗೊತ್ತಾಗಲಿಲ್ಲ; ಅವಳು ಆಗಲೇ ಸರೋಜಕ್ಕನ ಮೊರದಂಥ ತಡ್ಪೆಗೆ ಬೀಡಿ ಹಾಕುತ್ತಿದ್ದಳು.

ಸರೋಜಕ್ಕ ಪುಟ ಮಗುಚಲಿಲ್ಲ. ಹೊಗೆಸೊಪ್ಪಿನ ಕಂದು ಹಿಡಿದ ಅವರ ಬೆರಳು ನಾನು ನಿಲ್ಲಿಸಿದ ಸಾಲಿನ ಕೆಳಗೆ ಬಂದು ನಿಂತಿತು.

"ಇಲ್ಲಿ ಇನ್ನೂ ಉಂಟಲ್ಲ ಮಗಾ," ಎಂದರು.