ದಡ್ಡ ಸಾಫ್ಟ್‌ವೇರ್

"ತಪ್ಪು ಬರದ್ರ ಬಾಯಿ ಮಾಡೋ ಸಾಫ್ಟ್‌ವೇರ್ ನನಗ ಬ್ಯಾಡ," ಎಂದಳು ರಾಜೇಶ್ವರಿ.

ಆರತಿಯ ಕೈ ಮೌಸಿನ ಮೇಲೆಯೇ ನಿಂತಿತು. ಸರ್ಕ್ಯೂಟ್ ಬರೆದೇ ಸಂಬಳ ತೆಗೆದುಕೊಳ್ಳುವ ಪಕ್ಕದ ಮನೆಯ ಹುಡುಗಿ ಅವಳು. ತಪ್ಪನ್ನು ಎತ್ತಿ ತೋರಿಸದ ಸಾಫ್ಟ್‌ವೇರ್ ಬೇಕೆಂದವರನ್ನು ಇದುವರೆಗೆ ಕಂಡಿರಲಿಲ್ಲ. ಅದೂ ಹಾಡು ಕೇಳುವ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರಿಗೆ. ಅದರ ಹೊಟ್ಟೆಯಲ್ಲಿರುವುದು ಮನುಷ್ಯನನ್ನು ಕೊಲ್ಲುವಷ್ಟು ವೋಲ್ಟೇಜು.

"ಕಾಕು, ಇನ್ನೊಂದು ಭಾಳ ಛಲೋ ಐತ್ರಿ. ಭಾಗ ಇಟ್ರ ಸಾಕು, ತಂತಿ ತಾನ ಎಳೀತೈತಿ."

"ಅದೂ ಬ್ಯಾಡ. ತಂತಿ ಎಳಿಯೋ ಕೈ ಅವಂದ ಇರಬೇಕು."

ಅವನು ಎಂದರೆ ದತ್ತು. ಬಾಯಿ ಹೊಲಸಾದೀತು ಎಂಬಂತೆ ರಾಜೇಶ್ವರಿ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಹಳೇ ಹುಬ್ಬಳ್ಳಿಯ ಅಂಗಡಿಯಲ್ಲಿ, ಅವಳ ಗಂಡ ಶಿವಯೋಗೀಶ ತಾನೇ ಕಟ್ಟಿದ ಆಂಪ್ಲಿಫೈಯರಿನೊಳಗೆ ಕೈಯಿಟ್ಟು ಸತ್ತಿದ್ದ. ಪ್ಲಗ್ಗು ಕಿತ್ತಿಟ್ಟೇ ಕೈ ಹಾಕಿದ್ದ. ಆದರೆ ಅದರ ದೊಡ್ಡ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ಕರೆಂಟು ಹಿಡಿದುಕೊಂಡಿರುತ್ತವೆ. ಅದನ್ನು ಇಳಿಸಲು ಒಂದು ರೆಸಿಸ್ಟರ್ ಹಾಕಿರಬೇಕು. ಅದು ಇರಲಿಲ್ಲ. ಅಷ್ಟು ದೊಡ್ಡ ಮೇಸ್ತ್ರಿ ಕಲಿಯುವವರ ತಪ್ಪು ಮಾಡಿ ಸತ್ತ ಎಂದು ಊರು ಆಡಿಕೊಂಡಿತು. ಪಾಲುದಾರ ದತ್ತು ಎಲ್ಲರಿಗಿಂತ ಜೋರಾಗಿ ಅತ್ತ. "ಆ ವಾರ ನಾ ಧಾರವಾಡದಾಗ ಇದ್ದೆ. ಆ ಆಂಪ್ಲಿಫೈಯರ್ ಕಣ್ಣಲೆ ಸುದ್ದಾ ನೋಡಿಲ್ಲ," ಎಂದು ಠಾಣೆಯಲ್ಲಿ ಬರೆಸಿದ. ಆಮೇಲೆ ಬೆಂಗೇರಿಯಲ್ಲಿ ಸ್ವಂತ ಅಂಗಡಿ ತೆರೆದ.

ರಾಜೇಶ್ವರಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಗಂಡ ಹೋದದ್ದು ಒಂದು. ಗಂಡನ ಹೆಸರೂ ಹೋಗಿತ್ತು. ದತ್ತುವನ್ನು ಬಿಡಬಾರದು ಎಂಬ ಒಂದೇ ಹಟದಲ್ಲಿ ಅವಳು ಉಣ್ಣುತ್ತಿದ್ದಳು, ಮಲಗುತ್ತಿದ್ದಳು.

ಆರತಿ ಮೂರನೆಯದನ್ನು ತೆರೆದಳು. "ಇದು ಬರೇ ದಡ್ಡ, ಕಾಕು. ಎಲ್ಲಿ ಇಟ್ರೂ ಕೂಡತೈತಿ, ಎಲ್ಲಿ ಬಗ್ಗಿಸಿದ್ರೂ ಬಗ್ಗತೈತಿ. ತಪ್ಪಿದ್ರೂ ಕೇಳೂದಿಲ್ಲ."

"ಖರೇ ಅಳತಿಗೆ ಪ್ರಿಂಟ್ ಆಕ್ಕೈತೇನು?"

"ಆಕ್ಕೈತ್ರಿ."

"ಹಂಗಾದ್ರ ಈ ದಡ್ಡಂದ ಇರಲಿ."

ಮೇಜಿನ ಮೇಲಿದ್ದ ಕುಂಕುಮದ ಭರಣಿಯನ್ನು ಸರಿಸಿ ರಾಜೇಶ್ವರಿ ಗಂಡನ ಸರ್ಕ್ಯೂಟಿನ ಹಾಳೆ ಹರವಿದಳು. ಹಿತ್ತಾಳೆಯ ಭರಣಿ, ಮುಚ್ಚಳವಿಲ್ಲದ್ದಕ್ಕೆ ಬಾಯಿಗೆ ಬಟ್ಟೆ ಕಟ್ಟಿದ್ದಳು. ಆರತಿ ಹಾಳೆಯಲ್ಲಿ ಮೊದಲು ಹುಡುಕಿದ್ದು ಆ ರೆಸಿಸ್ಟರನ್ನು. ಇತ್ತು. ಹೋದ ಜೀವ ಬಂದಂತಾಯಿತು. ಆದರೆ ದತ್ತು ಬರೆದು ಹೋದ ಮೇಲೆ ಕಾಕು ಅದನ್ನು ಅಳಿಸಿಬಿಟ್ಟರೆ? ಅದರಂತೆಯೇ ಕಟ್ಟಿ, ಅವನು ಕೈಯಿಟ್ಟರೆ? ದಡ್ಡ ಸಾಫ್ಟ್‌ವೇರ್ ಚಕಾರ ಎತ್ತುವುದಿಲ್ಲ.

"ಕಾಕು, ಏನ್ ಮಾಡಾಕತ್ತೀರಿ ನೀವು?"

"ಅವನ ಕೈಲೇನ ಅವ ಹೋಗಬೇಕು," ಎಂದಳು ರಾಜೇಶ್ವರಿ.

ಭಾನುವಾರ ದತ್ತು ಕೇಶ್ವಾಪುರದ ರಾಜೇಶ್ವರಿಯ ಮನೆಗೆ ಬಂದ. ಕರೆದದ್ದು ವ್ಯಾಪಾರದ ಮಾತಿಗೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ.

ಈ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಯಾವ ಭಾಗಕ್ಕೆ ಯಾವುದು ಜೋಡಣೆ ಎಂದು ಹೇಳುವ ಸರ್ಕ್ಯೂಟನ್ನು ಕೇಳಿದವರಿಗೆಲ್ಲ ಕೊಡುತ್ತಾರೆ. ಲೇಔಟನ್ನು ಮಾತ್ರ, ಅಂದರೆ ಯಾವ ಭಾಗ ಎಲ್ಲಿ ಕೂಡಬೇಕು, ತಂತಿ ಯಾವ ದಾರಿ ಹಿಡಿಯಬೇಕು ಎಂಬುದನ್ನು, ಪಾಲುದಾರನಿಗೂ ತೋರಿಸುವುದಿಲ್ಲ. ಆಂಪ್ಲಿಫೈಯರು ಗುಂಯ್‌ಗುಡದೆ ಹಾಡುವುದು ಅದರಿಂದಲೇ. ಒಬ್ಬರ ಲೇಔಟು ಇನ್ನೊಬ್ಬರದರಂತೆ ಇರುವುದಿಲ್ಲ.

"ನಮ್ಮನಿಯವರ ಕಡೀ ಆಂಪ್ಲಿಫೈಯರಿಗೆ ಒಂದು ಲೇಔಟ್ ಬರದು ತೋರಸ್ರಿ," ಎಂದಳು ರಾಜೇಶ್ವರಿ. "ಛಲೋ ಬಂದ್ರ ಅವರ ಹೆಸರಿನ್ಯಾಗ ನೀವ ಮಾಡಿ ಮಾರ್ರಿ."

"ನಾ ಅದನ್ನ ನೋಡೇ ಇಲ್ಲಲ್ರಿ, ವೈನಿ."

"ಸರ್ಕ್ಯೂಟ್ ಐತಿ. ಡಬ್ಬಿ ಅಳತಿ ಐತಿ. ನಿಮ್ಮ ಕೈಗೆ ಇನ್ನೇನ್ ಬೇಕು?"

ದತ್ತು ಉಬ್ಬಿಹೋದ. ಮೌಸು ಹಿಡಿದ. ರೆಸಿಸ್ಟರನ್ನು ಎಲ್ಲಕ್ಕಿಂತ ಮೊದಲು ಇಟ್ಟು, ಇಟ್ಟದ್ದನ್ನು ಇಬ್ಬರಿಗೂ ತೋರಿಸಿದ. ಆಮೇಲೆ ಹಾಳೆಯ ಕಡೆ ಹೆಚ್ಚು ನೋಡಲೂ ಇಲ್ಲ, ಸರಸರ ಎಳೆದ. ಮೂಲೆಯೊಂದರಲ್ಲಿ ಕೆಂಪು ತಂತಿ ನೆಟ್ಟಗೆ ಹೋಗುವುದು ಬಿಟ್ಟು ಖಾಲಿ ಜಾಗವನ್ನು ಸುತ್ತಿ ಹೋಯಿತು.

"ಇಲ್ಲೇನೂ ಇಲ್ಲಲ್ರಿ. ಸುತ್ತು ಯಾಕ್ರಿ?" ಎಂದಳು ಆರತಿ.

ದತ್ತುವಿನ ಕೈ ಒಂದು ಕ್ಷಣ ತಡೆದು ನಿಂತಿತು. "ಹಿಂಗ ಹೋದ್ರ ಸದ್ದು ಬರೂದಿಲ್ಲ, ತಂಗಿ. ಅನುಭವದ ಮಾತು."

ರಾಜೇಶ್ವರಿ ಅದನ್ನು ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಮಾಡಿಸಿದಳು. ಬಳಿಕ ಕಪಾಟಿನಿಂದ ಬಟ್ಟೆ ಸುತ್ತಿದ ಭಾರದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲೆ ಬೋರಲು ಹಾಕಿ, ಬಟ್ಟೆ ಸರಿಸಿದಳು. ಆಂಪ್ಲಿಫೈಯರಿನ ಒಡಲು ತೆರೆದುಕೊಂಡಿತು.

"ಇದನ್ನ ಗುಜರಿಗೆ ಹಾಕೀನಿ ಅಂದಿದ್ರಿ!" ದತ್ತು ಎದ್ದು ಪೆಟ್ಟಿಗೆಯತ್ತ ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಎಂದು ಆರತಿ ಚೀರಿ ಅವನ ಕೈ ಹಿಡಿದಳು.

"ಯಾರೂ ಮುಟ್ಟೂದು ಬ್ಯಾಡ," ಎಂದಳು ರಾಜೇಶ್ವರಿ ತಣ್ಣಗೆ. "ಖರೇ ಹೇಳ್ರಿ. ಇದನ್ನ ನೀವು ಎಂದೂ ನೋಡಿಲ್ಲ?"

"ದೇವರಾಣಿ ನೋಡಿಲ್ರಿ, ವೈನಿ."

ಅವಳು ಹಾಳೆಯನ್ನು ಒಡಲ ಮೇಲೆ ಹಾಸಿದಳು. ಗೆರೆಯ ಮೇಲೆ ಗೆರೆ, ತಂತಿಯ ಮೇಲೆ ತಂತಿ ಕೂತಿತು. ಅವನು ಇಟ್ಟ ರೆಸಿಸ್ಟರಿನ ಕೆಳಗಷ್ಟೇ ಖಾಲಿ. ದತ್ತುವಿನ ಹಣೆಯಲ್ಲಿ ಬೆವರು ಒಡೆಯುವುದನ್ನು ರಾಜೇಶ್ವರಿ ಕಣ್ತುಂಬ ನೋಡಿದಳು.

ಅವನು ಎಳೆದ ಕೆಂಪು ಗೆರೆಯ ಸುತ್ತಿನ ನಟ್ಟನಡುವೆ, ತಪ್ಪಾಗಿ ಕೊರೆದ ತೂತನ್ನು ಮುಚ್ಚಲೆಂದು ಶಿವಯೋಗೀಶ ಸಾಯುವ ಹಿಂದಿನ ಸಂಜೆಯಷ್ಟೇ ಅವಳಿಂದ ಇಸಿದುಕೊಂಡಿದ್ದ ಕುಂಕುಮದ ಭರಣಿಯ ಮುಚ್ಚಳವಿತ್ತು.