ದೊಡ್ಡ ಬ್ಯಾಟರಿ

ರಿಮೋಟಿನ ಕಡ್ಡಿಯನ್ನು ಪೂರ್ತಿ ಎಡಕ್ಕೆ ತಳ್ಳಿ ಹಿಡಿದರೂ ಆಟಿಕೆ ವಿಮಾನ ತಿರುಗಲಿಲ್ಲ. ಮೈದಾನದಾಚೆಯ ಗೋದಾಮುಗಳನ್ನು ದಾಟಿ ನೆಟ್ಟಗೆ ಹೋಗುತ್ತಲೇ ಇತ್ತು. ಮೈದುನ ರಿಮೋಟನ್ನು ಎತ್ತಿ ಹಿಡಿದು ತುದಿಗಾಲಲ್ಲಿ ನಿಂತ, ಅಷ್ಟರಿಂದಲೇ ಸಿಗ್ನಲ್ ಮುಟ್ಟಿಬಿಡುತ್ತದೇನೋ ಎನ್ನುವಂತೆ. ಆ ವಿಮಾನದ ರೆಕ್ಕೆಗಳನ್ನು ಅವನ ಅಣ್ಣ ಕಾಯಿಲೆ ಬಿದ್ದ ಮೇಲೆ ಹಾಸಿಗೆಯಲ್ಲೇ ಕೂತು ಉಜ್ಜಿ ನಯ ಮಾಡಿದ್ದ. ಅಣ್ಣ ಕೈಯಾರೆ ಮಾಡಿದ್ದರಲ್ಲಿ ಉಳಿದಿದ್ದು ಅದೊಂದೇ.

"ರಿಮೋಟಿನ ಮೀಟರ್ ಮುಳ್ಳು ಫುಲ್ ತೋರಿಸ್ತಿದೆಯಲ್ಲೋ," ಎಂದಳು ಅತ್ತಿಗೆ.

"ಅದು ಬ್ಯಾಟರಿ ಲೆಕ್ಕ ಅತ್ತಿಗೆ. ಸಿಗ್ನಲ್ ಎಲ್ಲೀವರೆಗೆ ಹೋಗುತ್ತೆ ಅಂತ ಅದಕ್ಕೇನು ಗೊತ್ತು?" ಅವನು ಕಡ್ಡಿಯನ್ನು ಮತ್ತೆ ಎಡಕ್ಕೆ ತಳ್ಳಿದ. "ಬೆಳಗ್ಗೆ ನಾನೇ ರಿಮೋಟಿಗೆ ದೊಡ್ಡ ಬ್ಯಾಟರಿ ಹಾಕ್ದೆ. ಇವತ್ತು ಗೋದಾಮು ದಾಟಿಸಿ ನಿಮಗೆ ತೋರಿಸೋಣ ಅಂದ್ಕೊಂಡೆ. ಅಣ್ಣ ಬಾಯಿ ಬಡ್ಕೊಂಡಿದ್ದ, ಹೆಚ್ಚಿನ ವೋಲ್ಟೇಜೆಲ್ಲ ಒಳಗೇ ಬಿಸಿಯಾಗಿ ಹೋಗುತ್ತೆ ಕಣೋ, ಒಂದು ಮಾರೂ ಜಾಸ್ತಿ ಮುಟ್ಟಲ್ಲ ಅಂತ."

ಮೋಟಾರಿನ ಗುಂಯ್ ಸದ್ದು ತೆಳ್ಳಗಾಗುತ್ತಾ ಹೋಗಿ ಇಲ್ಲವಾಯಿತು. ಬಿದ್ದಿತೋ, ಇನ್ನೂ ಹಾರುತ್ತಲೇ ಇದೆಯೋ ಇಬ್ಬರಿಗೂ ತಿಳಿಯಲಿಲ್ಲ. ಅತ್ತಿಗೆ ರಿಮೋಟನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಅದರ ಬೆನ್ನು ಕಾದಿತ್ತು. ಅಲ್ಲಿಗೆ ಅಂಗೈ ಒತ್ತಿ ಹಿಡಿದಳು.

"ಆಫ್ ಮಾಡಿ ಅತ್ತಿಗೆ, ಸುಟ್ಟುಹೋಗುತ್ತೆ," ಎಂದು ಅವನು ಸ್ವಿಚ್ಚಿಗೆ ಕೈ ಚಾಚಿದ.

ಅವಳು ರಿಮೋಟನ್ನು ಎದೆಗೆ ಒತ್ತಿಕೊಂಡು ಅತ್ತ ತಿರುಗಿದಳು. "ಸ್ವಲ್ಪ ಹೊತ್ತು ಇರ್ಲಿ ಬಿಡು. ಡಾಕ್ಟ್ರು ಮುಗೀತು ಅಂದ್ಮೇಲೂ ನಿಮ್ಮಣ್ಣನ ಕೈ ಹೀಗೇ ಬೆಚ್ಚಗಿತ್ತು."