ತೋಟದ ಕುದುರೆ

"ಇದು ಒಂದೇ ಒಂದು ಮದುವೆ ಮನೆ ಬಾಗಿಲೂ ತುಳಿದಿಲ್ಲ ಅಕ್ಕ. ತೋಟದಲ್ಲಿ ಬೆಳೆದಿದ್ದು, ಮೊನ್ನೆ ತಂದ್ವಿ" ಎಂದು ರುದ್ರೇಶ ಕುದುರೆಯ ಬೆನ್ನು ತಟ್ಟಿದ. ಹುಲ್ಲು ಹಾಕುತ್ತಿದ್ದ ಅವನ ಭಾಮೈದ ಸುಮನ್ ಯಾಕೋ ಆ ಕಡೆ ತಿರುಗಿಕೊಂಡ.

ಅಂಜಮ್ಮ ಕುದುರೆಯ ಸುತ್ತ ಒಂದು ಸಲ ನಡೆದು ನೋಡಿದರು. ಮೈ ಕೆಂಪು, ಜೂಲು ಕೆಂಪು, ಬಾಲವೂ ಕೆಂಪು. ಅವರ ಅಪ್ಪ ಮಲ್ಲೇಶ್ವರದಲ್ಲಿ ಜಟಕಾ ಓಡಿಸುತ್ತಿದ್ದಾಗ ಇದ್ದ ಕುದುರೆಯದೂ ಇದೇ ಬಣ್ಣ. ಆಸ್ಪತ್ರೆಯ ಆಯಾ ಕೆಲಸದಿಂದ ನಿವೃತ್ತರಾದ ಮೇಲೆ ಅಂಜಮ್ಮ ಆ ಹಳೆಯ ಜಟಕಾವನ್ನು ರಿಪೇರಿ ಮಾಡಿಸಿ ಶ್ರೀರಾಂಪುರದ ಮನೆಯ ಮುಂದೆ ನಿಲ್ಲಿಸಿದ್ದರು. ಭಾನುವಾರಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಲ್ಲೇಶ್ವರ ಸುತ್ತಿಸಬೇಕೆಂಬ ಆಸೆ. ಇದು ಹುಚ್ಚೇ ಎಂದುಕೊಂಡಿದ್ದ ಮಗಳು ಹೇಮಶ್ರೀ, ಅಮ್ಮ ಮೋಸ ಹೋದಾರೆಂದು ಬ್ಯಾಂಕಿಗೆ ರಜೆ ಹಾಕಿ ಚಾಮರಾಜಪೇಟೆಯ ಈ ಲಾಯಕ್ಕೆ ಜೊತೆಯಲ್ಲಿ ಬಂದಿದ್ದಳು.

ತೋಟದ್ದು ಎಂದ ಕೂಡಲೇ ಅಂಜಮ್ಮನ ಮುಖ ಸಪ್ಪಗಾಗಿತ್ತು. ರುದ್ರೇಶ ಅದನ್ನು ಗಮನಿಸಲಿಲ್ಲ. ಹೊರಡುವ ಮೊದಲು ಒಮ್ಮೆ ಸವರೋಣವೆಂದು ಅವರು ಜೂಲಿನೊಳಗೆ ಕೈಯಾಡಿಸಿದರು. ಬೆರಳಿಗೆ ಏನೋ ಸಿಕ್ಕಿತು. ಅರಿಶಿನದ ಅಕ್ಷತೆ, ಎರಡು ಕಾಳು. ಅಂಜಮ್ಮ ಮುಷ್ಟಿ ಮುಚ್ಚಿಕೊಂಡರು.

"ಸಾಧು ತಾನೇ?"

"ಹಸು ಅಕ್ಕ, ಹಸು!"

"ಹಂಗಿದ್ರೆ ನೀವೇ ಹತ್ತಿ ತೋರ್ಸಿ."

ರುದ್ರೇಶ ಮೀಸೆ ತೀಡಿಕೊಂಡು ಹತ್ತಿ ಕೂತ. ಅಂಜಮ್ಮ ಮಗಳ ಕಿವಿಯಲ್ಲಿ ಏನೋ ಹೇಳಿದರು. ಹೇಮಶ್ರೀ ನಗು ತಡೆದುಕೊಂಡು ಮೊಬೈಲಿನಲ್ಲಿ ಮದುವೆ ಬ್ಯಾಂಡಿನ ವಿಡಿಯೊ ಹುಡುಕಿ, ವಾಲ್ಯೂಮ್ ಪೂರ್ತಿ ಏರಿಸಿದಳು.

ಕುದುರೆಯ ಕಿವಿ ನೆಟ್ಟಗಾಯಿತು. ಮುಂದಕ್ಕೆ ಮೂರು ಹೆಜ್ಜೆ, ಹಿಂದಕ್ಕೆ ಎರಡು, ಕತ್ತು ಎಡಕ್ಕೆ, ಕತ್ತು ಬಲಕ್ಕೆ. ಹಾಗೇ ಕುಣಿಯುತ್ತಾ ಗೇಟು ದಾಟಿ ರಸ್ತೆಗಿಳಿಯಿತು. "ಏಯ್, ನಿಲ್ಲು! ನಿಲ್ಲೋ!" ಎಂದು ರುದ್ರೇಶ ಎಷ್ಟು ಕೂಗಿದರೂ ಕೇಳದೆ, ಪಕ್ಕದ ಕ್ರಾಸಿನ ಕಲ್ಯಾಣಮಂಟಪದ ಬಾಗಿಲಿಗೇ ಹೋಗಿ ನಿಂತಿತು.

ಅಲ್ಲಿ ವರನಿಗಾಗಿ ಕಾಯುತ್ತಿದ್ದರು. ಆರತಿ ತಟ್ಟೆ ಹಿಡಿದಿದ್ದ ಅಜ್ಜಿಯ ಕನ್ನಡಕ ತಲೆಯ ಮೇಲಿತ್ತು. "ಗಂಡು ಬಂತು, ಗಂಡು ಬಂತು! ಸ್ವಲ್ಪ ಬಗ್ಗಪ್ಪ" ಎಂದರು. ಗಾಬರಿಯಲ್ಲಿ ರುದ್ರೇಶ ಬಗ್ಗಿಯೂ ಬಿಟ್ಟ. ಹಣೆಯ ತುಂಬ ಕುಂಕುಮ.

ಸುಮನ್ ಓಡಿಬಂದು, ನಗುತ್ತಲೇ ಕುದುರೆಯನ್ನು ಪಕ್ಕಕ್ಕೆ ಎಳೆದ. ಹಿಂದೆಯೇ ಅಮ್ಮ, ಮಗಳೂ ಬಂದರು. ರುದ್ರೇಶ ಇಳಿದು, "ಎಲ್ಲೋ ಒಂದೆರಡು ಮದುವೆ ನೋಡಿರ್ಬೋದು ಅಕ್ಕ" ಎಂದ.

"ಬಿಳೀದು ಸಿಗದೇ ಇದ್ದಾಗೆಲ್ಲ ಇದೇ ಅಲ್ವಾ ಭಾವ? ಆರು ವರ್ಷದಿಂದ" ಎಂದ ಸುಮನ್.

"ಬಾರಮ್ಮ ಹೋಗೋಣ, ಬರೀ ಸುಳ್ಳು" ಎಂದು ಹೇಮಶ್ರೀ ಅಮ್ಮನ ಕೈ ಹಿಡಿದಳು.

ಅಷ್ಟರಲ್ಲಿ ನಿಜವಾದ ವರನ ಕಾರು ಬಂತು. ಯಾರೋ ಹತ್ತು ಸಾವಿರದ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಹಿಂದೆ ಸಿಕ್ಕಿಕೊಂಡ ಬಸ್ಸು ಹಾರ್ನ್ ಹೊಡೆಯತೊಡಗಿತು. ಹೇಮಶ್ರೀ ಹಾರಿಬಿದ್ದಳು. ಕುದುರೆ ಮಾತ್ರ ನಿಂತಲ್ಲೇ ನಿಂತು, ಕತ್ತು ಚಾಚಿ, ಮಂಟಪದ ತೋರಣದ ಮಾವಿನೆಲೆ ಕಿತ್ತು ತಿನ್ನುತ್ತಿತ್ತು.

ಅಂಜಮ್ಮ ಲಗಾಮು ತಮ್ಮ ಕೈಗೆ ತೆಗೆದುಕೊಂಡರು. "ತೋಟದ್ದು ಅಂದಾಗ್ಲೇ ಬೇಡ ಅಂತ ಹೊರಟು ಹೋಗೋಳಿದ್ದೆ ಕಣಯ್ಯ. ನಮ್ಮ ಟ್ರಾಫಿಕ್‌ನಲ್ಲಿ ಅಂಥದ್ದನ್ನ ಕಟ್ಟಿದ್ರೆ ಮಕ್ಕಳ ಸಮೇತ ಚರಂಡಿಗೆ ಹಾಕುತ್ತೆ. ಇದು ಸರಿ. ಇದನ್ನ ಕೊಡು."

ರುದ್ರೇಶನ ಬೆನ್ನು ತಕ್ಷಣ ನೆಟ್ಟಗಾಯಿತು. "ಹಂಗಾದ್ರೆ ಅಕ್ಕ, ಇಷ್ಟು ಟ್ರೇನಿಂಗ್ ಆಗಿರೋ ಕುದುರೆ... ಬೆಳಗ್ಗೆ ಫೋನಲ್ಲಿ ಹೇಳಿದ ರೇಟಿಗಿಂತ ಒಂಚೂರು ಜಾಸ್ತಿ..."

ಅಂಜಮ್ಮ ಅವನ ಹಣೆಯ ಕುಂಕುಮವನ್ನೇ ನೋಡಿದರು.

"ಆರತಿ ಎತ್ತಿಸ್ಕೊಂಡ ಮೇಲೆ ಗಂಡು ಜಾಸ್ತಿ ಕೇಳಿದ್ರೆ, ಅದು ವರದಕ್ಷಿಣೆ ಕೇಸ್ ಆಗುತ್ತಪ್ಪ."